ನೂರಕ್ಕೆ ಆರು

ಲಿಫ್ಟಿಗೆ ಕಾಯುತ್ತಿದ್ದ ಲೈಬ್ರರಿಯವಳು, ಮುಂದೆ ನಿಂತಿದ್ದ ಇಬ್ಬರು ಅರ್ಥಶಾಸ್ತ್ರದ ಮೇಡಂಗಳ ಮಾತಿಗೆ ಬೇಡವೆಂದರೂ ಕಿವಿಗೊಟ್ಟಳು.

"ನಿನ್ನ ಲೇಖನ ಅಚ್ಚಾಯ್ತಂತೆ. ಖುಷಿಯಾಯ್ತು ಬಿಡು," ಎಂದಳು ಕನ್ನಡಕದವಳು, ಮುಖ ಗಂಟಿಕ್ಕಿಕೊಂಡೇ.

"ನಿಂದೂ ಆಗುತ್ತೆ ಕಣೇ."

"ಆಗುತ್ತೆ, ಮಣ್ಣು! ಕೂಲಿ ಏರಿದರೆ ಕೆಲಸ ಕಮ್ಮಿಯಾಗುತ್ತಾ ಅಂತ ಅದೇ ಊರುಗಳಲ್ಲಿ ಇಬ್ಬರೂ ನೋಡಿದ್ವಿ. ಬರೀ ಆಕಸ್ಮಿಕವಾಗಿ ಇಂಥ ಫಲಿತಾಂಶ ಬರೋ ಸಾಧ್ಯತೆ ನಂದರಲ್ಲಿ ನೂರಕ್ಕೆ ಆರು. ಐದು ದಾಟಿತು ಅಂತ ಪತ್ರಿಕೆಯವರು ಕಸದ ಬುಟ್ಟಿಗೆ ಹಾಕಿದರು. ನಿಂದು ಐದರೊಳಗೆ ಬಂತು, ಹಾರ ಹಾಕಿದರು."

"ನಂದೂ ಮೊದಲು ಆರೇ ಇತ್ತು."

"ಮತ್ತೆ?"

"ಲೆಕ್ಕದಿಂದ ಎರಡು ಊರು ಕೈಬಿಟ್ಟೆ, ಐದರೊಳಗೆ ಬಂತು. ಯಾರೂ ಕೇಳಲಿಲ್ಲ."

ಕನ್ನಡಕದವಳು ಹಲ್ಲು ಕಚ್ಚಿದಳು. ಇನ್ನು ಜಗಳವೇ ಅಂದುಕೊಂಡಳು ಲೈಬ್ರರಿಯವಳು. ಅಷ್ಟರಲ್ಲಿ ಲಿಫ್ಟ್ ಬಂತು, ಮೂವರೂ ಒಳಗೆ ಹೋದರು. ಬಾಗಿಲು ಮುಚ್ಚುವಾಗ ಕನ್ನಡಕದವಳ ದನಿ ಬೆಣ್ಣೆಯಂತೆ ಮೆತ್ತಗಾಗಿತ್ತು:

"ಯಾವ ಎರಡು ಅಂತ ನಂಗೂ ಹೇಳೇ."