ಕಣ್ಣು ನೋಡಿ ಲೋಟ ಎತ್ತುವ ಊರು

ಈ ಸಂಜೆಯ ಬೀಳ್ಕೊಡುಗೆ ಸಭೆಯ ಅಧ್ಯಕ್ಷತೆ ವಹಿಸಿರುವ ನಿವೃತ್ತ ಮುಖ್ಯೋಪಾಧ್ಯಾಯಿನಿ ಶ್ರೀಮತಿ ರಾಧ ಅವರೇ, ವೇದಿಕೆಯ ಮೇಲಿರುವ ಗಣ್ಯರೇ, ನಾಡಿದ್ದು ವಿಮಾನ ಹತ್ತಲಿರುವ ಕಾಮಸಮುದ್ರದ ಮಹಿಳಾ ತಮಟೆ ತಂಡದ ಒಂಬತ್ತು ಮಂದಿ ಹೆಣ್ಣುಮಕ್ಕಳೇ, ಅವರನ್ನು ಹರಸಿ ಕಳಿಸಲೆಂದು ಊರಿಗಾಂ, ಮೈಸೂರು ಮೈನ್ಸ್ ಕಡೆಯಿಂದ ಬಸ್ಸು ಹಿಡಿದು ಬಂಗಾರಪೇಟೆಗೆ ಬಂದಿರುವ ಸಭಿಕರೇ, ನಿಮಗೆಲ್ಲ ನನ್ನ ವಂದನೆಗಳು.

ನನ್ನನ್ನು ಪರಿಚಯಿಸಿದ ಸಿಂಧು ಅವರು ‘ಇಂಜಿನಿಯರ್ ಕೋದಂಡಪ್ಪನವರು’ ಎಂದರು. ನಾನು ಇಂಜಿನಿಯರ್ ಅಲ್ಲ. ಐಟಿಐ ಓದಿ, ಇಲ್ಲಿಯ ಒಂದು ಕಾರ್ಖಾನೆಗೆ ಸ್ಪ್ಯಾನರ್ ಹಿಡಿಯುವ ಫಿಟ್ಟರಾಗಿ ಸೇರಿ ಮೂವತ್ತಾರು ವರ್ಷ ದುಡಿದವನು. ಆ ಪದವಿ ನನಗೆ ಅಂಟಿಕೊಂಡ ಕಥೆಯನ್ನು ಆಮೇಲೆ ಹೇಳುತ್ತೇನೆ. ೧೯೯೪ರಲ್ಲಿ ಕಾರ್ಖಾನೆ ನನ್ನನ್ನು ಮೂರು ತಿಂಗಳ ತರಬೇತಿಗೆಂದು ಆಸ್ಟ್ರಿಯಾ ದೇಶದ ಗ್ರಾಜ್ ನಗರಕ್ಕೆ ಕಳಿಸಿತ್ತು. ಈಗ ಅದೇ ಗ್ರಾಜ್‌ನಲ್ಲಿ, ಲಿಂಜ್‌ನಲ್ಲಿ, ವಿಯೆನ್ನಾದಲ್ಲಿ ನಮ್ಮ ಹೆಣ್ಣುಮಕ್ಕಳು ಹನ್ನೆರಡು ದಿನ ತಮಟೆ ಬಾರಿಸಲಿದ್ದಾರೆ. ತಂಡದ ನಾಯಕಿ ಮೀನಾ ಹೋದ ವಾರ ಮನೆಗೆ ಬಂದು, ‘ಅಲ್ಲಿ ಎಂಗ್ ನಡ್ಕೋಬೇಕು ಅಂತ ನಮ್ಮೋರಿಗೆ ನಾಲ್ಕು ಮಾತು ಏಳ್ಕೊಡಿ ದೊಡ್ಡಪ್ಪ’ ಎಂದಳು. ಇಲ್ಲ ಎನ್ನಲು ಬಾಯಿ ಬರಲಿಲ್ಲ. ಮೀನಾ ಯಾರ ಮಗಳು ಎಂಬುದು ಈ ಸಭೆಗೆ ಗೊತ್ತು. ಅವಳ ಅಪ್ಪ ಪೆರುಮಾಳ್ ನನ್ನ ಜೊತೆ ಒಂದೇ ದಿನ ಕೆಲಸಕ್ಕೆ ಸೇರಿದವನು. ಅಗೋ, ಮೂರನೇ ಸಾಲಿನ ತುದಿಯಲ್ಲಿ ಕುಳಿತಿದ್ದಾನೆ. ಈ ಚೀಟಿಯ ಕೊನೆಯಲ್ಲಿ ಅವನಿಗೆ ಹೇಳಬೇಕಾದ ಒಂದು ಮಾತು ಬರೆದುಕೊಂಡಿದ್ದೇನೆ. ಅಲ್ಲಿಯವರೆಗೆ ಮುಟ್ಟುತ್ತೇನೋ ಇಲ್ಲವೋ, ನೋಡೋಣ.

ಅಮ್ಮಂದಿರೇ, ಆ ಊರುಗಳಲ್ಲಿ ಅಂಗಡಿಗೆ ಕಾಲಿಟ್ಟರೆ ಸಾಮಾನು ಕೇಳುವ ಮೊದಲು ‘ಗ್ರೂಸ್ ಗಾಟ್’ ಎನ್ನಬೇಕು. ದೇವರು ಹರಸಲಿ ಎಂದು ಅರ್ಥ. ಲಿಫ್ಟ್ ಹತ್ತಿದರೂ ಹೇಳಬೇಕು, ಡಾಕ್ಟರ ಹತ್ತಿರ ಸರದಿಗೆ ಕುಳಿತವರಿಗೂ ಹೇಳಬೇಕು. ಹೇಳದೆ ಒಳಗೆ ಹೋದವನು ಗೋಡೆಗೆ ಸಮಾನ. ನಮ್ಮ ಸಂತೆಯಲ್ಲಿ ‘ಎಂಗಮ್ಮ ಕೊಟ್ಟೆ ಟೊಮೊಟೊ’ ಎಂದೇ ಮಾತು ಶುರುವಾಗುತ್ತದೆ. ಮುನಿರತ್ನಮ್ಮ, ನಿನ್ನ ಬಾಯಿ ನನಗೆ ಗೊತ್ತು. ಅಲ್ಲಿ ಮೊದಲು ಗ್ರೂಸ್ ಗಾಟ್, ಆಮೇಲೆ ಚೌಕಾಸಿ. ಚೌಕಾಸಿ ಅಲ್ಲಿ ನಡೆಯುವುದಿಲ್ಲ, ಆದ್ದರಿಂದ ಬರೀ ಗ್ರೂಸ್ ಗಾಟ್.

ರಸ್ತೆ ದಾಟುವಾಗ ಕೆಂಪು ದೀಪ ಇದ್ದರೆ ನಿಲ್ಲಬೇಕು. ಎರಡೂ ಕಡೆ ಒಂದು ನರಪಿಳ್ಳೆ ಇಲ್ಲದಿದ್ದರೂ ನಿಲ್ಲಬೇಕು. ಯಾಕೆ ಎಂದು ನಾನು ಕೇಳಿದ್ದೆ. ಎಲ್ಲೋ ಒಂದು ಮಗು ಕಿಟಕಿಯಿಂದ ನೋಡುತ್ತಿದ್ದರೆ ಅದು ಏನು ಕಲಿಯುತ್ತದೆ ಎಂದರು. ಏಳು ಗಂಟೆ ಎಂದರೆ ಅವರಿಗೆ ಏಳು. ನಾವು ಐದಕ್ಕೆ ಎಂದು ಅಚ್ಚು ಹಾಕಿಸಿ ಆರೂವರೆಗೆ ದೀಪ ಹಚ್ಚಿದೆವು, ಅಧ್ಯಕ್ಷರು ಮನ್ನಿಸಬೇಕು. ಯಾರಾದರೂ ಮನೆಗೆ ಕರೆದರೆ ಚಪ್ಪಲಿ ಬಾಗಿಲಲ್ಲೇ ಬಿಡಿ, ಅಷ್ಟು ಮಾತ್ರ ನಮ್ಮ ಹಾಗೆಯೇ. ವಿಯೆನ್ನಾದಲ್ಲಿ ಕಾಫಿ ತರಿಸಿದರೆ ಸಣ್ಣ ಬೆಳ್ಳಿ ಬಣ್ಣದ ತಟ್ಟೆಯಲ್ಲಿ ಜೊತೆಗೊಂದು ಲೋಟ ನೀರನ್ನೂ ತಂದಿಡುತ್ತಾರೆ. ಒಂದೇ ಕಾಫಿ ಹಿಡಿದು ಮಧ್ಯಾಹ್ನವೆಲ್ಲ ಪೇಪರ್ ಓದುತ್ತ ಕುಳಿತರೂ ಏಳಿ ಎನ್ನುವವರಿಲ್ಲ. ನಮ್ಮ ಬಸ್ ಸ್ಟ್ಯಾಂಡ್ ಹೋಟೆಲಿನವರು ಯಾರಾದರೂ ಸಭೆಯಲ್ಲಿದ್ದರೆ ಇದನ್ನು ಕೇಳಿಸಿಕೊಳ್ಳಬಾರದೆಂದು ವಿನಂತಿ.

ಭಾನುವಾರದ ವಿಷಯ ಬಹಳ ಮುಖ್ಯ. ಭಾನುವಾರ ಅವರಿಗೆ ಮೌನದ ದಿನ. ಅಂಗಡಿ ಮುಚ್ಚಿರುತ್ತದೆ, ಗೋಡೆಗೆ ಒಂದು ಮೊಳೆ ಕೂಡ ಹೊಡೆಯುವುದಿಲ್ಲ. ನಾನು ಹೋದ ಮೊದಲ ಭಾನುವಾರವೇ ಬಚ್ಚಲಲ್ಲಿ ಕುಳಿತು ಬಟ್ಟೆಯನ್ನು ಎತ್ತಿ ಎತ್ತಿ ಒಗೆದೆ. ಕೆಳಗಿನ ಮನೆಯ ಅಜ್ಜಿ ಬಂದು ಬಾಗಿಲು ತಟ್ಟಿದರು. ಬೈಯಲಿಲ್ಲ. ಗ್ರೂಸ್ ಗಾಟ್ ಎಂದರು, ಒದ್ದೆ ಪ್ಯಾಂಟನ್ನು ನೋಡಿದರು, ತುಟಿಯ ಮೇಲೆ ಬೆರಳಿಟ್ಟು ಹೊರಟುಹೋದರು. ಆದ್ದರಿಂದ ಭಾನುವಾರ ಕೋಣೆಯಲ್ಲಿ ತಮಟೆ ಅಭ್ಯಾಸ ಬೇಡ. ತಮಟೆ ಕಾಯಿಸಲು ಬೆಂಕಿ ಬೇಕಾಗುತ್ತದೆ, ಅದಕ್ಕೂ ಕರೆಸಿದವರನ್ನು ಮೊದಲೇ ಕೇಳಿ ಜಾಗ ಗೊತ್ತು ಮಾಡಿಕೊಳ್ಳಿ. ಮಂಗಮ್ಮ, ಹೋಟೆಲಿನ ಮುಂದೆ ಪೇಪರ್ ಗುಡ್ಡೆ ಹಾಕಿ ಕಡ್ಡಿ ಗೀರಬೇಡ, ಅಗ್ನಿಶಾಮಕದವರು ಬಂದುಬಿಡುತ್ತಾರೆ.

ಇನ್ನು ಪದವಿಗಳ ವಿಷಯ. ಆ ಜನಕ್ಕೆ ಹೆಸರಿನ ಹಿಂದೆ ಪದವಿ ಹಚ್ಚುವುದೆಂದರೆ ಬಹಳ ಪ್ರೀತಿ. ಡಾಕ್ಟರನ ಹೆಂಡತಿಯನ್ನೂ ಡಾಕ್ಟರಮ್ಮ ಎಂದು ಕರೆಯುವ ಹಿರಿಯರು ಆಗ ಇದ್ದರು. ತರಬೇತಿಯ ಮೊದಲ ದಿನ ಕಚೇರಿಯವರು ನನ್ನನ್ನು ‘ಹೆರ್ ಇಂಜೆನ್ಯೂರ್’ ಎಂದರು. ಇಂಜಿನಿಯರ್ ಸಾಹೇಬರೇ ಎಂದು ಅರ್ಥ. ಅಲ್ಲ, ನಾನು ಫಿಟ್ಟರ್ ಎನ್ನಲು ಎಷ್ಟು ಹೊತ್ತು ಬೇಕಿತ್ತು? ಅರೆಗಳಿಗೆ ಸಾಕಿತ್ತು. ನಾನು ಹೇಳಲಿಲ್ಲ. ಮೂರು ತಿಂಗಳು ಆ ಪದವಿಯನ್ನು ಹೊದ್ದು ತಿರುಗಿದೆ, ವಾಪಸ್ ಬರುವಾಗ ಅದನ್ನೂ ಜೊತೆಗೆ ತಂದೆ. ಇಂದು ಸಿಂಧು ಅವರು ಅದನ್ನೇ ಮೈಕಿನಲ್ಲಿ ಹೇಳಿದ್ದು. ತಪ್ಪು ಅವರದಲ್ಲ. ನನ್ನದಲ್ಲದ್ದನ್ನು ನನ್ನದೆಂದು ಸುಮ್ಮನಿರುವುದು ನನಗೆ ಅಷ್ಟು ಹೊತ್ತಿಗೆ ರೂಢಿಯಾಗಿಬಿಟ್ಟಿತ್ತು.

ಚೀಟಿಯಲ್ಲಿ ಮುಂದಿನ ಮಾತು ಸಾವಿನದು. ಶುಭ ಸಮಾರಂಭದಲ್ಲಿ ಸಾವಿನ ಮಾತು ಯಾಕಪ್ಪ ಎಂದು ಕೆಲವರು ಮುಖ ನೋಡಿಕೊಳ್ಳುತ್ತಿದ್ದೀರಿ. ತಮಟೆಯವರ ಮುಂದೆ ಆ ಮಾತು ಆಡದಿದ್ದರೆ ಬೇರೆ ಎಲ್ಲಿ ಆಡಬೇಕು? ನನಗೆ ಕೆಲಸ ಕಲಿಸಿದ ಹಿರಿಯ ಫಿಟ್ಟರ್ ಫ್ರಾಂಟ್ಸ್ ಅಂತ. ಆರಡಿ ಆಳು, ಕೈ ಒಂದೊಂದು ಸಲಿಕೆಯಷ್ಟಗಲ. ಒಂದು ದಿನ ಅವನ ಊರಿನಲ್ಲಿ ಲೇತ್ ಯಂತ್ರದ ಕೆಲಸದ ಒಬ್ಬ ಹಳೆಯ ಟರ್ನರ್ ತೀರಿಕೊಂಡ. ಫ್ರಾಂಟ್ಸ್ ನನ್ನನ್ನೂ ಕರೆದುಕೊಂಡು ಹೋದ. ಅಲ್ಲಿ ಶವಪೆಟ್ಟಿಗೆಯ ಮುಂದೆ ಊರಿನ ವಾದ್ಯದವರು ನಡೆಯುತ್ತಾರೆ. ಆ ವಾದ್ಯದವರ ನಡುವೆ, ಕಪ್ಪು ಕೋಟು ತೊಟ್ಟು, ಹೆಗಲಿಗೆ ಡೋಲು ಹಾಕಿಕೊಂಡು, ಒಂದೊಂದೇ ಪೆಟ್ಟು ಬಿಡಿಸಿ ಹೊಡೆಯುತ್ತ ನಡೆದವನು ನಮ್ಮ ಫ್ರಾಂಟ್ಸ್. ಬೆಳಗ್ಗೆ ನನ್ನ ಜೊತೆ ಪಂಪು ಬಿಚ್ಚಿದ ಅದೇ ಕೈ.

ಸಭಿಕರೇ, ಹೆಣದ ಮುಂದೆ ಬಾರಿಸಿದವನನ್ನು ಆಮೇಲೆ ಎಲ್ಲಿ ಕೂರಿಸುತ್ತಾರೆ ಎಂದು ನಾನು ಕಾದು ನೋಡಿದೆ. ಎಲ್ಲಿ ಕೂರಿಸಿದರು ಹೇಳಿ? ಮಣ್ಣು ಮುಗಿದ ಮೇಲೆ ಅಲ್ಲಿ ಎಲ್ಲರೂ ಒಟ್ಟಿಗೆ ಊಟ ಮಾಡುವ ಪದ್ಧತಿ. ಊರಿನ ಮೇಯರ್ ಬಂದು ಫ್ರಾಂಟ್ಸ್‌ನ ಕೈ ಕುಲುಕಿದರು, ತಮ್ಮ ಪಕ್ಕದ ಕುರ್ಚಿ ಎಳೆದು ಕೂರಿಸಿದರು. ಒಂದೇ ಬುಟ್ಟಿಯಿಂದ ಇಬ್ಬರೂ ಬ್ರೆಡ್ ತೆಗೆದುಕೊಂಡರು. ಫ್ರಾಂಟ್ಸ್ ನನ್ನ ಕಡೆ ತಿರುಗಿ, ನಮ್ಮಪ್ಪನೂ ಈ ಊರಿನ ಸತ್ತವರ ಮುಂದೆ ಡೋಲು ಬಾರಿಸುತ್ತಿದ್ದ ಎಂದ. ಎದೆ ಉಬ್ಬಿಸಿ ಹೇಳಿದ. ಆಮೇಲೆ, ನಿಮ್ಮೂರಿನಲ್ಲಿ ಯಾರು ಬಾರಿಸುತ್ತಾರೆ ಎಂದು ಕೇಳಿದ. ನನ್ನ ಸ್ನೇಹಿತನೊಬ್ಬ ಇದ್ದಾನೆ, ನನ್ನ ಜೊತೆಯೇ ಕೆಲಸ ಮಾಡುತ್ತಾನೆ ಎಂದೆ. ಫ್ರಾಂಟ್ಸ್ ಬ್ರೆಡ್ ಮುರಿಯುತ್ತ, ಹಾಗಾದರೆ ಅವನನ್ನೇ ಕಳಿಸಬೇಕಿತ್ತಲ್ಲ, ಡೋಲು ಬಾರಿಸುವ ಫಿಟ್ಟರಿಗೆ ಯಂತ್ರದ ಸದ್ದು ಚೆನ್ನಾಗಿ ಕೇಳಿಸುತ್ತದೆ ಎಂದ.

ಒಂದು ಗುಟುಕು ನೀರು ಕುಡಿಯುತ್ತೇನೆ, ಕ್ಷಮಿಸಿ.

ಅವನು ಹೇಳಿದ್ದು ನಿಜ. ಪೆರುಮಾಳ್ ಓಡುವ ಪಂಪಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಒಳಗಿನ ಬೇರಿಂಗ್ ಸವೆದಿದೆಯೋ ಇಲ್ಲವೋ ಹೇಳುತ್ತಿದ್ದ. ನನಗೆ ಅದನ್ನೇ ಬಿಚ್ಚಿ ನೋಡಲು ಅರ್ಧ ದಿನ ಬೇಕಾಗುತ್ತಿತ್ತು. ಗ್ರಾಜ್‌ಗೆ ಹೋಗುವ ಪಟ್ಟಿಯಲ್ಲಿ ಅವನ ಹೆಸರೇ ಮೊದಲಿತ್ತು. ಅಲ್ಲಿಯ ಚಳಿಗೆಂದು ಅವನು ಒಂದು ಬೂದು ಬಣ್ಣದ ಸ್ವೆಟರ್ ಕೂಡ ಕೊಂಡು ತಂದಿದ್ದ. ಆಮೇಲೆ ಏನಾಯಿತು? ಅವನ ಹೆಸರು ಹೋಯಿತು, ನನ್ನ ಹೆಸರು ಬಂತು. ಮೇಲಿನವರು ಮಾಡಿದ್ದು ಎಂದು ಪೆರುಮಾಳ್ ಮೂವತ್ತು ವರ್ಷದಿಂದ ನಂಬಿದ್ದಾನೆ. ಅವನ ಹೆಂಡತಿ ಮಾರಿಯಮ್ಮನೂ ಹಾಗೆಯೇ ನಂಬಿಕೊಂಡು ಕಣ್ಣು ಮುಚ್ಚಿದಳು.

ಮೇಲಿನವರು ಮಾಡಲಿಲ್ಲ. ಅಧಿಕಾರಿ ನನ್ನನ್ನು ಕರೆದು, ಪೆರುಮಾಳ್ ಹೇಗೆ ಎಂದು ಕೇಳಿದ್ದರು, ಅಷ್ಟೇ. ನಾನು ಹೇಳಿದ ಮಾತು ಇದು, ಒಂದಕ್ಷರ ಬದಲಿಸುವುದಿಲ್ಲ: ‘ಕೆಲಸ್ದಾಗೆ ಒಳ್ಳೇವ್ನೇ ಸಾರ್. ಆದ್ರೆ ಎಣದ ಮುಂದೆ ತಮಟೆ ಬಡಿಯೋನು. ಅಂಥಾ ದೇಶ್ದಾಗೆ ನಾಲ್ಕು ಜನದ ಮುಂದೆ ಎಂಗ್ ಕೂರ್ಬೇಕು, ಎಂಗ್ ಏಳ್ಬೇಕು ಅನ್ನೋ ರೀತಿ ರಿವಾಜು ಅವ್ನಿಗೆ ತಿಳೀದು.’

ರೀತಿ ರಿವಾಜು. ಇವತ್ತು ಅದನ್ನೇ ಕಲಿಸಿಕೊಡಿ ಎಂದು ಅವನ ಮಗಳು ನನ್ನನ್ನು ಕರೆದಿದ್ದಾಳೆ. ನಾನು ಯಾವ ಬೀದಿಯವನು, ಅವನು ಗಣಿ ಕೂಲಿಕಾರರ ಯಾವ ಲೈನುಮನೆಯವನು ಎಂಬುದು ಆ ಅಧಿಕಾರಿಗೂ ಗೊತ್ತಿತ್ತು, ನಿಮಗೂ ಗೊತ್ತಿದೆ. ಆ ಒಂದು ‘ಆದ್ರೆ’ ಸಾಕಾಯಿತು. ಹಿಂದಿರುಗಿ ಬಂದ ಮೇಲೆ ನಾನು ಸೂಪರ್‌ವೈಸರ್ ಆದೆ, ಪೆರುಮಾಳ್ ಫಿಟ್ಟರಾಗಿಯೇ ನಿವೃತ್ತನಾದ. ನಾನು ಮಾಡಿದ್ದು ಮೋಸ. ಇದಕ್ಕೆ ಬೇರೆ ಹೆಸರು ಹುಡುಕಿದರೆ ಅದು ಎರಡನೇ ಮೋಸ.

ನಾನು ಹೊರಟ ದಿನ ಬಂಗಾರಪೇಟೆ ಸ್ಟೇಷನ್ನಿಗೆ ಅವನು ತಮಟೆ ತಂದಿದ್ದ. ಒಂದನೇ ಪ್ಲಾಟ್‌ಫಾರಂನಲ್ಲಿ ಜನ ಸೇರುವ ಹಾಗೆ ಬಾರಿಸಿದ. ಸಾಕು ನಿಲ್ಲಿಸೋ, ಎಲ್ಲರೂ ನೋಡುತ್ತಿದ್ದಾರೆ ಎಂದೆ ನಾನು. ನಿಲ್ಲಿಸಿದ. ಆ ಬೂದು ಸ್ವೆಟರನ್ನು ನನ್ನ ಕೈಗೆ ತುರುಕಿ, ‘ಈ ಬಿಸ್ಲಾಗೆ ನಂಗ್ಯಾಕ್ಲಾ ಇದು? ನೀನಾಕ್ಕೋ. ಇಬ್ರಲ್ಲಿ ಯಾರು ಓಗಿ ಬಂದ್ರೇನು, ಒಂದೇ ಕಣ್ಲಾ’ ಎಂದ. ರೈಲು ತಿರುವು ದಾಟುವವರೆಗೂ ಕೈ ಬೀಸುತ್ತಿದ್ದ.

ಫ್ರಾಂಟ್ಸ್‌ನ ಎದುರು ಆ ಊಟದ ಮೇಜಿನಲ್ಲಿ ನಾನು ಅದೇ ಸ್ವೆಟರ್ ಹಾಕಿಕೊಂಡು ಕುಳಿತಿದ್ದೆ. ಆ ದೇಶದಲ್ಲಿ ಒಂದು ಪದ್ಧತಿ ಇದೆ, ಇದನ್ನು ಮಾತ್ರ ಮರೆಯಬೇಡಿ ತಾಯಂದಿರೇ. ಕುಡಿಯುವ ಮೊದಲು ಲೋಟಕ್ಕೆ ಲೋಟ ತಾಗಿಸುತ್ತಾರೆ. ತಾಗಿಸುವಾಗ ಎದುರಿಗಿರುವವರ ಕಣ್ಣನ್ನು ನೇರವಾಗಿ ನೋಡಬೇಕು. ನೋಡದಿದ್ದರೆ ಏಳು ವರ್ಷ ಕೇಡು ಎನ್ನುತ್ತಾರೆ. ಫ್ರಾಂಟ್ಸ್ ಬಿಯರ್ ಎತ್ತಿದ, ನಾನು ಸೇಬಿನ ರಸ ಎತ್ತಿದೆ, ನನ್ನ ಕಣ್ಣು ಮೇಜಿನ ಮೇಲೇ ಇತ್ತು. ಅವನು ಎರಡನೇ ಸಲ ಎತ್ತಿದ. ಆಗಲೂ ನೋಡಲಾಗಲಿಲ್ಲ. ಹಿರಿಯರ ಮುಂದೆ ಕಣ್ಣು ತಗ್ಗಿಸುವುದು ನಮ್ಮ ದೇಶದ ಮರ್ಯಾದೆ ಎಂದು ಸುಳ್ಳು ಹೇಳಿದೆ. ಅವನು ನಂಬಿ ನನ್ನ ಬೆನ್ನು ತಟ್ಟಿದ. ನಮ್ಮ ರೀತಿ ರಿವಾಜನ್ನು ನಾನು ಎರಡು ದೇಶದಲ್ಲೂ ಬಳಸಿಕೊಂಡೆ ನೋಡಿ. ಇಲ್ಲಿ ಗೆಳೆಯನನ್ನು ತಡೆಯಲು, ಅಲ್ಲಿ ನನ್ನ ಮುಖ ಮುಚ್ಚಿಕೊಳ್ಳಲು.

ಏಳು ವರ್ಷದ ಲೆಕ್ಕದಲ್ಲಿ ನನಗೆ ಈಗ ಐದನೇ ಸುತ್ತು ನಡೆಯುತ್ತಿದೆ. ಪೆರುಮಾಳನ ಜೊತೆ ದಿನಾ ಟೀ ಕುಡಿದಿದ್ದೇನೆ, ಅವನ ಮಗಳ ಮದುವೆಯಲ್ಲಿ ಊಟ ಬಡಿಸಿದ್ದೇನೆ, ಮಾರಿಯಮ್ಮನಿಗೆ ಮಣ್ಣು ಹಾಕಿದ್ದೇನೆ. ಒಂದು ದಿನವೂ ಅವನ ಕಣ್ಣು ನೋಡಿ ಮಾತಾಡಿಲ್ಲ.

ಮೀನಾ, ಮಗಳೇ, ನೀನು ಕೇಳಿದ ನಾಲ್ಕು ಮಾತು ಮುಗಿಯಿತು. ನಿಜ ಹೇಳಬೇಕೆಂದರೆ ನಿನಗೆ ನಾನು ಕಲಿಸುವುದು ಏನೂ ಇಲ್ಲ. ನಿಮ್ಮಪ್ಪ ಯಾವ ಕೈಯಿಂದ ಬಾರಿಸಿದನೆಂದು ಗ್ರಾಜ್‌ಗೆ ಹೋಗದೆ ಉಳಿದನೋ, ನೀನು ಅದೇ ಕೈ ಹಿಡಿದು ಕಲಿತು ಗ್ರಾಜ್‌ಗೆ ಹೋಗುತ್ತಿದ್ದೀಯ. ಅಲ್ಲಿ ಯಾರಾದರೂ ಈ ವಾದ್ಯ ಎಲ್ಲಿ ಬಾರಿಸುತ್ತೀರಿ ಎಂದು ಕೇಳಿದರೆ, ಮದುವೆಯಲ್ಲಿ, ಹಬ್ಬದಲ್ಲಿ, ನಮ್ಮ ಸತ್ತವರ ಮುಂದೆ ಎಂದು ಹೇಳು. ಮೂರನ್ನೂ ಹೇಳು. ಒಂದನ್ನೂ ನುಂಗಬೇಡ.

ಅಧ್ಯಕ್ಷರೇ, ನಿಮ್ಮ ಅಪ್ಪಣೆಯಿದ್ದರೆ ಈ ಮೈಕು ಹಿಡಿದೇ ಕೆಳಗಿಳಿಯುತ್ತೇನೆ. ಲೋಟಕ್ಕೆ ನೀರು ತುಂಬಿ ತಾಗಿಸಬಾರದು ಎನ್ನುತ್ತಾರೆ ಅಲ್ಲಿ, ಅದಕ್ಕೆ ಈ ಟೀ ಲೋಟವನ್ನೇ ತಂದಿದ್ದೇನೆ. ದಾರಿ ಬಿಡಿ ತಾಯಿ. ಹೂಂ.

ಪೆರುಮಾಳ್, ನಿನ್ನ ಹೆಸರು ತೆಗೆಸಿದವನು ನಾನು. ನಾನೇ ಕಣೋ.

ಸಭಿಕರೇ, ಹಿಂದಿನ ಸಾಲಿನವರಿಗೆ ಕಾಣದೆ ಇರಬಹುದು, ನಾನೇ ಹೇಳುತ್ತೇನೆ. ಅವನ ಕೈಯಲ್ಲೂ ಟೀ ಇದೆ. ಲೋಟ ಎತ್ತಿಲ್ಲ. ಎತ್ತು ಎಂದು ಕೇಳುವ ಹಕ್ಕು ನನಗಿಲ್ಲ, ನೀವೂ ಕೇಳಬೇಡಿ. ಮೀನಾ, ನೀನೂ ಬೇಡ, ಕುಳಿತುಕೋ. ಅವನು ನನ್ನನ್ನು ನೋಡುತ್ತಿದ್ದಾನೆ. ನಾನೂ ನೋಡುತ್ತಿದ್ದೇನೆ. ಇವನ ಬಲಗಣ್ಣಿನಲ್ಲಿ ಪೊರೆ ಬಂದಿದೆ, ಅದು ನನಗೆ ಇವತ್ತೇ ಗೊತ್ತಾದದ್ದು.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆ, ಮಾತಾಡಲು ಕರೆದ ಈ ಒಂಬತ್ತು ಹೆಣ್ಣುಮಕ್ಕಳಿಗೆ ನನ್ನ ಕೃತಜ್ಞತೆ. ನಾವು ತಲೆ ತಗ್ಗಿಸಿ ಕೈಮುಗಿಯುವ ಜನ. ಇವತ್ತೊಂದು ದಿನ ನಾನು ತಲೆ ತಗ್ಗಿಸದೆ, ಇವನ ಕಣ್ಣು ನೋಡುತ್ತಲೇ ಕೈಮುಗಿಯುತ್ತೇನೆ. ನಮಸ್ಕಾರ.