ಚಳಿಗಾಲದಲ್ಲಿ ಸುಲಿದ ಮೂಗು

ಚರ್ಮದ ಡಾಕ್ಟರ ಬಾಗಿಲಲ್ಲಿ ಸರದಿಗೆ ಕಾದಿದ್ದ ದರ್ಜಿಯ ಪಕ್ಕದಲ್ಲೇ ಅಕ್ಕತಂಗಿಯರಿಬ್ಬರು ಕೂತರು. ಹೊರಗೆ ಹಲ್ಲು ಕಟಕಟಿಸುವ ಚಳಿ. ಅಕ್ಕನ ಮೂಗು ಮಾತ್ರ ಬಿಸಿಲಿಗೆ ಸುಲಿದಿತ್ತು. ದರ್ಜಿಯ ಕಿವಿ ಅತ್ತಲೇ ಹೊರಳಿತು.

“ಅಮ್ಮ ಆಸ್ಪತ್ರೇಲಿದ್ದಾಗ ಜ್ವರ, ಬರಕ್ಕಾಗಲ್ಲ ಅಂದ್ಯಲ್ಲಕ್ಕ?”

“ಕ್ರಿಸ್‌ಮಸ್‌ಗೆ ಮುಂಚೆ ಹಡಗಲ್ಲಿ ಪ್ರವಾಸ ಹೋಗಿದ್ದೆ ಕಣೇ. ಬೆಚ್ಚಗಿನ ದ್ವೀಪಗಳು. ವರ್ಷದಿಂದ ಆಸೆಪಟ್ಟಿದ್ದೆ.”

“ನಾನು ಒಂಬತ್ತು ದಿನ ಬೆಂಚಿನ ಮೇಲೆ ಮಲಗಿದ್ದೆ.”

“ಗೊತ್ತು. ನಿನ್ನೆ ಅಮ್ಮನ್ನ ನೋಡಕ್ಕೆ ಹೋಗಿದ್ದೆ.”

“ಮುಖ ನೋಡಿ ಏನಂದ್ಲು?”

“‘ಅಯ್ಯೋ ಮಗಳೇ, ಜ್ವರಕ್ಕೆ ಮುಖ ಎಷ್ಟು ಬೆಂದುಹೋಗಿದೆ’ ಅಂತ, ತನ್ನ ಬೆನ್ನಿನ ಹುಣ್ಣಿಗೆ ಕೊಟ್ಟಿದ್ದ ಮುಲಾಮು ತೆಗೆದು ಹಚ್ಚಿದ್ಲು.”

“ನೀನೇನಂದೆ?”

“ಮುಖ ಒಡ್ಡಿ ಕೂತಿದ್ದೆ.”

ಒಳಗಿಂದ ಅಕ್ಕನ ಹೆಸರು ಕರೆದರು. ಅಕ್ಕ ಅಂಗೈಯಲ್ಲಿ ಮೂಗು ಮುಚ್ಚಿಕೊಂಡೇ ಎದ್ದುಹೋದಳು.