ನಡುವೆ ಕೈಗೆ ಸಿಗುವ ಡಿಗ್ರಿ

ಗಲ್ಫಿನ ಮವಾಲೇಹ್ ತರಕಾರಿ ಮಾರುಕಟ್ಟೆಯಲ್ಲಿ ತೂಕದ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಮಂಡ್ಯದ ಕಡೆಯ ಮಾತಿನ ಅಪ್ಪ, ಮಗಳು. ಅವಳಿಗೆ ಇಲ್ಲಿಯದೇ ಎರಡು ಮೆಡಿಕಲ್ ಕಾಲೇಜಿನಲ್ಲಿ ಸೀಟು ಸಿಕ್ಕಿದೆ, ಸಂಜೆಯೊಳಗೆ ಒಂದನ್ನು ಆರಿಸಬೇಕು ಎಂಬುದು ಮಾತಿನಲ್ಲೇ ತಿಳಿಯಿತು.

“ಏಳು ವರ್ಷದ್ದೇ ತಗೋ ಮಾನ್ಯಾ. ಒಳಗೋದ್ರೆ ಡಾಕ್ಟರಾಗೇ ಈಚೆ ಬರೋದು.”

“ಇನ್ನೊಂದ್ರಲ್ಲೂ ಡಾಕ್ಟ್ರೇ ಅಪ್ಪ. ಒಂದು ವರ್ಷ ಜಾಸ್ತಿ, ಅಷ್ಟೆ. ಆದ್ರೆ ನಾಲ್ಕು ವರ್ಷಕ್ಕೆ ಬಿಎಸ್ಸಿ ಡಿಗ್ರಿ ಕೈಗೆ ಕೊಡ್ತಾರೆ.”

“ಅದು ಮಧ್ಯದಲ್ಲಿ ಬಿಟ್ಟೋಗೋರಿಗೆ ಕಣವ್ವ.”

“ಹೂಂ, ಅದಕ್ಕೇ.”

“ನೀನ್ಯಾಕೆ ಬಿಡ್ತೀಯ? ಕ್ಲಾಸ್‌ಗೇ ಫಸ್ಟು ನೀನು.”

“ನಾನಾಗಿ ಬಿಡಲ್ಲ. ನಿನ್ ವೀಸಾ ಎಷ್ಟು ವರ್ಷದ್ದು?”

“ಎರಡು. ಯಾವಾಗ್ಲೂ ಎರಡೇ. ಮುಗಿದಾಗ ಕೆಲಸ ಕೊಟ್ಟಿರೋ ಕಫೀಲ್ ರಿನ್ಯೂ ಮಾಡ್ತಾನಲ್ಲ.”

“ಮೇಲಿನ ಮನೆ ಅಂಕಲ್‌ಗೂ ಮಾಡ್ತಿದ್ರು. ಈ ಸಲ ಮಾಡ್ಲಿಲ್ಲ. ಅವರ ಮಗ ಅಭಿ ಮೂರು ವರ್ಷ ಮೆಡಿಕಲ್ ಓದಿ, ಅವರ ಜೊತೇಲೇ ಬರೀಕೈಲಿ ಊರಿಗೆ ಹೋದ.”

ಅಪ್ಪ ಆಗಲೇ ಆರಿಸಿಟ್ಟಿದ್ದ ಬೆಂಡೆಕಾಯಿಗಳ ತುದಿಯನ್ನು ಮತ್ತೆ ಒಂದೊಂದಾಗಿ ಮುರಿದು ನೋಡತೊಡಗಿದರು.

“ಅಪ್ಪ, ಸಾಕು. ತೂಕದವ್ನು ಬೈತಾನೆ.”

“ಇದನ್ನೆಲ್ಲ ನಿಮ್ಮಮ್ಮನ ಮುಂದೆ ಆಡ್ಬೇಡ. ಸುಮ್ನೆ ಹೆದರ್ಕೋತಾಳೆ.”

“ಎಂಟು ವರ್ಷದ್ದೇ ತಗೋ ಅಂದಿದ್ದು ಅಮ್ಮನೇ. ನಿಂಗೆ ಹೇಳ್ಬೇಡ ಅಂದಿದ್ಲು.”

ತೂಕದವನು “ಯಲ್ಲಾ” ಎಂದು ಅವಸರಪಡಿಸುತ್ತಾ ಕೈಚಾಚಿದ. ತೂಗಿ ಕೊಟ್ಟ ಚೀಲಗಳನ್ನೆಲ್ಲ ಅಪ್ಪನೇ ಎತ್ತಿಕೊಂಡರು. ಒಂದನ್ನಾದರೂ ಕೊಡು ಎಂದು ಮಗಳು ಕೈ ನೀಡಿದರೂ ಬಿಡಲಿಲ್ಲ.

“ಎಂಟು ವರ್ಷದ್ದೇ ಇರ್ಲಿ,” ಎನ್ನುತ್ತಾ ಕಾರಿನ ಕಡೆ ನಡೆದರು.